ಶಾಲು ಹೊದಿಸಿದ ಮೇಲೆ ಕೇಳಬೇಕಾದ್ದು: ಮುಂಬಯಿಯ ಶಾಸಕರ ಕೆಲಸ ಯಾವುದು, ಯಾವುದಲ್ಲ

ಮುಂಬಯಿಯ ಯಾವುದೇ ಕನ್ನಡ ಸಂಘದ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಸ್ಥಳೀಯ ಶಾಸಕರ ಹೆಸರು ಇಲ್ಲದಿರುವುದು ಅಪರೂಪ. ಅವರು ತುಸು ತಡವಾಗಿ ಬರುತ್ತಾರೆ, ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ ಸ್ವೀಕರಿಸುತ್ತಾರೆ, ಕನ್ನಡಿಗರ ದುಡಿಮೆಯನ್ನೂ ಉಡುಪಿ ಹೋಟೆಲಿನ ಇಡ್ಲಿ ಸಾಂಬಾರನ್ನೂ ಹೊಗಳಿ ನಾಲ್ಕು ಮಾತು ಆಡುತ್ತಾರೆ, ಮತ್ತೊಂದು ಕಾರ್ಯಕ್ರಮವಿದೆಯೆಂದು ಹೊರಡುತ್ತಾರೆ. ಹೊರಡುವ ಮುನ್ನ ಯಾರಾದರೂ ಅವರ ಕೈಗೆ ಒಂದು ಮನವಿ ಪತ್ರವನ್ನು ಕೊಟ್ಟರೆ ಅದು ಬಹುಮಟ್ಟಿಗೆ ಗಟಾರ, ಕುಡಿಯುವ ನೀರು ಅಥವಾ ಬೀದಿ ದೀಪದ ಕುರಿತಾಗಿರುತ್ತದೆ. ಅಂದರೆ ಶಾಸಕರ ನೇರ ಅಧಿಕಾರಕ್ಕೆ ಒಳಪಡದ ಕೆಲಸದ ಕುರಿತು. ಅವರ ಕೈಯಲ್ಲೇ ಇರುವ ಕೆಲಸವನ್ನು, ಎಂದರೆ ಸದನದಲ್ಲಿ ಪ್ರಶ್ನೆ ಕೇಳುವುದನ್ನು, ಕಾನೂನಿನ ತಿದ್ದುಪಡಿಗೆ ಒತ್ತಾಯಿಸುವುದನ್ನು, ಸರ್ಕಾರ ಕೊಟ್ಟ ಮಾತಿನ ಬೆನ್ನು ಹತ್ತುವುದನ್ನು ನಾವು ಅವರಿಂದ ಕೇಳುವುದೇ ಇಲ್ಲ. ಆದ್ದರಿಂದ ಆ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳಿತು.

ಮೊದಲು ಗಡಿಗಳನ್ನು ಗುರುತಿಸಿಕೊಳ್ಳೋಣ. ಮಹಾರಾಷ್ಟ್ರದ ವಿಧಾನಸಭೆಯಲ್ಲಿ 288 ಸದಸ್ಯರಿದ್ದಾರೆ. ಅವರಲ್ಲಿ 36 ಮಂದಿ ಮುಂಬಯಿಯವರು. ಕೊಲಾಬಾದಿಂದ ಧಾರಾವಿ, ಸಯನ್, ಮಾಹಿಮ್‌ವರೆಗಿನ ಮುಂಬಯಿ ನಗರ ಜಿಲ್ಲೆಯಲ್ಲಿ 10 ಕ್ಷೇತ್ರಗಳು, ಅದರಾಚೆ ದಹಿಸರ್ ಮತ್ತು ಮುಲುಂಡ್‌ವರೆಗಿನ ಉಪನಗರ ಜಿಲ್ಲೆಯಲ್ಲಿ 26 ಕ್ಷೇತ್ರಗಳು. ಇದೇ ಭೂಭಾಗವನ್ನು ಬೃಹನ್ಮುಂಬಯಿ ಮಹಾನಗರಪಾಲಿಕೆಯು 227 ವಾರ್ಡುಗಳಾಗಿ ವಿಂಗಡಿಸಿದ್ದು, ಪ್ರತಿ ವಾರ್ಡಿಗೂ ಒಬ್ಬ ನಗರಸೇವಕ ಇರುತ್ತಾರೆ. ನೀರು, ಗಟಾರ, ಕಸ, ಒಳರಸ್ತೆ, ಪಾಲಿಕೆಯ ಶಾಲೆ ಮತ್ತು ಆಸ್ಪತ್ರೆ ಇವು ಪಾಲಿಕೆಯ ಪಾಲು. ಪೊಲೀಸ್, ಅಬಕಾರಿ, ಪಡಿತರ, ಮ್ಹಾಡಾ (ರಾಜ್ಯದ ವಸತಿ ಪ್ರಾಧಿಕಾರ), ಕೊಳೆಗೇರಿ ಪುನರ್ವಸತಿ, ಶಾಲಾ ಅನುದಾನ, ಬಾಡಿಗೆ ಮತ್ತು ಸೊಸೈಟಿ ಕಾನೂನು ರಾಜ್ಯದ ಪಾಲು. ಲೋಕಲ್ ರೈಲು, ವಿಮಾನ ನಿಲ್ದಾಣ, ಬಂದರು ಕೇಂದ್ರದ ಪಾಲು, ಅವುಗಳಿಗೆ ಸಂಸದರಿದ್ದಾರೆ.

ಈ ಗಡಿಗಳು ಕಾಗದದ ಮೇಲೆ ಕಾಣುವಷ್ಟು ಸ್ಪಷ್ಟವಾಗಿ ನೆಲದ ಮೇಲೆ ಕಾಣುವುದಿಲ್ಲ ಎಂಬುದನ್ನೂ ಹೇಳಬೇಕು. ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಬಳಿಕ 2026ರ ಜನವರಿ 15ರಂದು ಮತದಾನ ನಡೆಯುವ ತನಕ ಮುಂಬಯಿಯಲ್ಲಿ ನಗರಸೇವಕರೇ ಇರಲಿಲ್ಲ. ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಪಾಲಿಕೆಯನ್ನು ನಡೆಸಿದರು. ಆ ಸುಮಾರು ನಾಲ್ಕು ವರ್ಷ ತುಂಬಿದ ಗಟಾರವೂ ಒಡೆದ ಪೈಪೂ ಶಾಸಕರ ಬಾಗಿಲಿಗೇ ಬಂದು ನಿಂತವು. ಜನರಿಗೆ ಆ ಅಭ್ಯಾಸ ಹತ್ತಿತು, ಶಾಸಕರಿಗೂ ಅದು ಹಿತವಾಗಿಯೇ ಇತ್ತು ಎಂದು ನನ್ನ ಗುಮಾನಿ, ಏಕೆಂದರೆ ಗಟಾರ ಸ್ವಚ್ಛಗೊಳಿಸಿದ ಫೋಟೋವನ್ನು ಬ್ಯಾನರಿಗೆ ಹಾಕಬಹುದು, ಸದನದಲ್ಲಿ ಕೇಳಿದ ಪ್ರಶ್ನೆಯನ್ನು ಹಾಗೆ ಹಾಕಲು ಬರುವುದಿಲ್ಲ.

ಹಾಗೆಂದು ಕೆಳಗಿನ ಮೆಟ್ಟಿಲು ಕೀಳು ಎಂದೇನೂ ಅಲ್ಲ. ಮಂಗಳೂರಿನಿಂದ ಬಂದು ಈ ನಗರದಲ್ಲಿ ಕಾರ್ಮಿಕರನ್ನು ಸಂಘಟಿಸಿದ ಜಾರ್ಜ್ ಫೆರ್ನಾಂಡಿಸ್ 1961ರಲ್ಲಿ ಮುಂಬಯಿ ಪಾಲಿಕೆಯನ್ನು ಪ್ರವೇಶಿಸಿದವರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಪ್ರಭಾವಿ ನಾಯಕ ಎಸ್. ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. ಅದೇ 1961ರಲ್ಲಿ ಗೋರೆಗಾಂವ್‌ನಿಂದ ಪಾಲಿಕೆಗೆ ಆಯ್ಕೆಯಾದ ಮೃಣಾಲ್ ಗೋರೆ ನೀರಿಗಾಗಿ ನಡೆಸಿದ ಹೋರಾಟಗಳಿಂದ ‘ಪಾನಿವಾಲಿ ಬಾಯಿ’ ಎನಿಸಿಕೊಂಡು, 1972ರಲ್ಲಿ ವಿಧಾನಸಭೆಗೆ, 1977ರಲ್ಲಿ ಲೋಕಸಭೆಗೆ ಹೋದರು. ಇವರು ನಲ್ಲಿಯ ಮುಂದಿನ ಸಾಲಿನಲ್ಲಿ ಕಂಡದ್ದನ್ನು ಸದನದ ಭಾಷೆಗೆ ತಿರುಗಿಸಬಲ್ಲವರಾಗಿದ್ದರು. ಶಾಸಕರೊಬ್ಬರ ನಿಜವಾದ ಕೌಶಲ ಇರುವುದು ಅಲ್ಲಿ. ಕ್ಷೇತ್ರದ ಕೆಲಸ ಬೇರೆ, ಸದನದ ಕೆಲಸ ಬೇರೆ ಎಂದು ವಿಂಗಡಿಸಿ ನೋಡುವವರಿಗೆ ಅದು ಕಾಣುವುದಿಲ್ಲ.

ಸ್ಥಳೀಯ ವಿಷಯವೊಂದು ಸದನದ ಬಾಗಿಲು ತಟ್ಟಲೇಬೇಕಾಗುವುದು ಹೇಗೆ ಎಂಬುದಕ್ಕೆ 500 ಚದರ ಅಡಿಯ ಮನೆಗಳ ಆಸ್ತಿ ತೆರಿಗೆ ಒಳ್ಳೆಯ ನಿದರ್ಶನ. ಚಿಕ್ಕ ಮನೆಗಳಿಗೆ ತೆರಿಗೆ ಮನ್ನಾ ಮಾಡುತ್ತೇವೆ ಎಂಬುದು 2017ರ ಪಾಲಿಕೆ ಚುನಾವಣೆಯಲ್ಲಿ ಶಿವಸೇನೆ ಕೊಟ್ಟ ಭರವಸೆ. ಆಸ್ತಿ ತೆರಿಗೆ ವಸೂಲು ಮಾಡುವುದು ಪಾಲಿಕೆಯೇ ಆದರೂ ಅದನ್ನು ಯಾರಿಂದ, ಯಾವ ಲೆಕ್ಕದಲ್ಲಿ ವಸೂಲು ಮಾಡಬೇಕೆಂದು ಹೇಳುವುದು 1888ರ ಮುಂಬಯಿ ಮಹಾನಗರಪಾಲಿಕೆ ಕಾಯ್ದೆ. ಆ ಕಾಯ್ದೆಯನ್ನು ತಿದ್ದುವ ಅಧಿಕಾರ ಇರುವುದು ರಾಜ್ಯದ ವಿಧಾನಮಂಡಲಕ್ಕೆ. 2019ರಲ್ಲಿ ವಿನಾಯಿತಿ ಬಂದಿತಾದರೂ ಅದು ತೆರಿಗೆಯೊಳಗಿನ ‘ಸಾಮಾನ್ಯ ತೆರಿಗೆ’ ಎಂಬ ಒಂದು ಭಾಗಕ್ಕೆ ಮಾತ್ರ ಅನ್ವಯಿಸಿತು. ಬಿಲ್ಲಿನಲ್ಲಿ ನೀರಿನ ತೆರಿಗೆ, ಒಳಚರಂಡಿ ತೆರಿಗೆ, ಬೀದಿ ತೆರಿಗೆ, ಶಿಕ್ಷಣ ಕರ, ಮರದ ಕರ ಎಲ್ಲವೂ ಉಳಿದುಕೊಂಡವು. ಮನ್ನಾ ಆಗಿದೆ ಎಂದು ನಂಬಿ ಕುಳಿತವರ ಮನೆಗೆ ಬಿಲ್ಲು ಬಂತು. ಪೂರ್ತಿ ಮನ್ನಾ ಘೋಷಣೆಯಾದದ್ದು 2022ರ ಜನವರಿ 1ರಂದು. ಸುಮಾರು 16 ಲಕ್ಷ ಕುಟುಂಬಗಳಿಗೆ ಇದರ ಪ್ರಯೋಜನವಾಗುತ್ತದೆ ಎಂದು ಸರ್ಕಾರ ಆಗ ಹೇಳಿತು. ಕೊಟ್ಟ ಮಾತಿಗೂ ನಡೆದ ಮಾತಿಗೂ ನಡುವೆ ಐದು ವರ್ಷ ಹಿಡಿಯಿತು. ಆ ಅವಧಿಯಲ್ಲಿ ವಾರ್ಡ್ ಕಚೇರಿಗೆ ಎಷ್ಟು ಬಾರಿ ಹೋಗಿದ್ದರೂ ಉಪಯೋಗವಿರಲಿಲ್ಲ, ಕೇಳಬೇಕಿದ್ದದ್ದು ಶಾಸಕರನ್ನು.

ವಿಧಾನಮಂಡಲ ವರ್ಷವಿಡೀ ಸೇರುವುದಿಲ್ಲ. ಬಜೆಟ್ ಅಧಿವೇಶನ ಮತ್ತು ಮಳೆಗಾಲದ ಅಧಿವೇಶನ ನರಿಮನ್ ಪಾಯಿಂಟ್‌ನ ವಿಧಾನ ಭವನದಲ್ಲಿ ನಡೆಯುತ್ತವೆ, ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ನಾಗಪುರದಲ್ಲಿ ಸೇರುತ್ತದೆ. ವಿದರ್ಭವನ್ನು ಸೇರಿಸಿಕೊಂಡ 1953ರ ನಾಗಪುರ ಒಪ್ಪಂದದಿಂದ ಬಂದ ಸಂಪ್ರದಾಯ ಅದು. ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರವಿರಬಾರದು ಎಂದು ಸಂವಿಧಾನದ 174ನೇ ವಿಧಿ ಹೇಳುತ್ತದೆಯೇ ಹೊರತು ಎಷ್ಟು ದಿನ ಸೇರಬೇಕೆಂದು ಹೇಳುವುದಿಲ್ಲ. ದಿನಗಳು ಕಡಿಮೆ, ಸದಸ್ಯರು 288. ಆದ್ದರಿಂದ ಮಾತನಾಡಲು ಸಿಗುವ ಪ್ರತಿ ನಿಮಿಷಕ್ಕೂ ಬೇಡಿಕೆಯಿದೆ, ಅದನ್ನು ಪಡೆಯುವ ದಾರಿಗಳನ್ನು ಬಲ್ಲ ಶಾಸಕರಿಗೂ ಬಲ್ಲದವರಿಗೂ ಅಜಗಜಾಂತರವಿದೆ.

ಆ ದಾರಿಗಳಲ್ಲಿ ಮುಖ್ಯವಾದದ್ದು ಪ್ರಶ್ನೆ. ಮಹಾರಾಷ್ಟ್ರದಲ್ಲಿ ‘ತಾರಾಂಕಿತ’ ಎಂದೂ ಕರ್ನಾಟಕದಲ್ಲಿ ‘ಚುಕ್ಕೆ ಗುರುತಿನ’ ಎಂದೂ ಕರೆಯುವ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಲು ಅವಕಾಶವಿರುತ್ತದೆ; ಅತಾರಾಂಕಿತ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮುಂಬಯಿಯ ಅನುದಾನಿತ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಿವೃತ್ತರಾದ ಶಿಕ್ಷಕರ ಜಾಗ ತುಂಬಿಲ್ಲ ಎನ್ನೋಣ. ಆಡಳಿತ ಮಂಡಳಿಯವರು ಶಾಸಕರ ಬಳಿ ಹೋಗಿ “ಸಾಹೇಬರೇ, ನಮ್ಮ ಶಾಲೆಗೆ ಸ್ವಲ್ಪ ಸಹಾಯ ಮಾಡಿ” ಎಂದರೆ ಅವರು ಶಿಕ್ಷಣಾಧಿಕಾರಿಗೆ ಫೋನು ಮಾಡುತ್ತಾರೆ, ಅಧಿಕಾರಿ ಹೂಂ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅದೇ ವಿಷಯವನ್ನು ಪ್ರಶ್ನೆಯ ರೂಪಕ್ಕೆ ತಂದರೆ ಅದು ಹೀಗಿರುತ್ತದೆ: ಮುಂಬಯಿಯ ಅನುದಾನಿತ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಂಜೂರಾದ ಶಿಕ್ಷಕರ ಹುದ್ದೆಗಳು ಖಾಲಿ ಇರುವುದು ನಿಜವೇ, ನಿಜವಾದಲ್ಲಿ ಶಾಲಾವಾರು ಎಷ್ಟು ಹುದ್ದೆಗಳು, ಯಾವಾಗಿನಿಂದ ಖಾಲಿ ಇವೆ, ಅವುಗಳನ್ನು ತುಂಬಲು ಸರ್ಕಾರ ಕೈಗೊಂಡ ಅಥವಾ ಕೈಗೊಳ್ಳಲಿರುವ ಕ್ರಮವೇನು, ಕೈಗೊಂಡಿಲ್ಲವಾದರೆ ವಿಳಂಬದ ಕಾರಣಗಳೇನು? ಮಹಾರಾಷ್ಟ್ರದ ಪ್ರಶ್ನಾವಳಿಯನ್ನು ಓದಿದವರಿಗೆ ಕೊನೆಯ ಆ ಸಾಲು, ‘ನಸಲ್ಯಾಸ್, ವಿಲಂಬಾಚೀ ಕಾರಣೇ ಕಾಯ್ ಆಹೇತ್’, ಚೆನ್ನಾಗಿ ಪರಿಚಿತ. ಹೆಚ್ಚುಕಡಿಮೆ ಪ್ರತಿ ಪ್ರಶ್ನೆಯೂ ಹೀಗೆಯೇ ಮುಗಿಯುತ್ತದೆ, ಏಕೆಂದರೆ ತಪ್ಪಿಸಿಕೊಳ್ಳುವ ಬಾಗಿಲನ್ನು ಮುಚ್ಚುವ ಸಾಲು ಅದು.

ಈ ಪ್ರಶ್ನೆ ಅಧಿವೇಶನಕ್ಕೆ ವಾರಗಳ ಮೊದಲೇ ವಿಧಾನಮಂಡಲದ ಸಚಿವಾಲಯವನ್ನು ತಲುಪಬೇಕು. ಅಲ್ಲಿ ಅದನ್ನು ಜರಡಿ ಹಿಡಿಯುತ್ತಾರೆ: ನ್ಯಾಯಾಲಯದಲ್ಲಿರುವ ವಿಷಯವಾಗಬಾರದು, ಊಹಾಪೋಹವಾಗಬಾರದು, ಅಭಿಪ್ರಾಯ ಕೇಳುವಂತಿರಬಾರದು, ವಿಷಯ ರಾಜ್ಯ ಸರ್ಕಾರದ ಹೊಣೆಗೆ ಸೇರಿರಬೇಕು. ಅಂಗೀಕಾರವಾದ ಪ್ರಶ್ನೆ ರಾಜ್ಯ ಸರ್ಕಾರದ ಆಡಳಿತ ಕೇಂದ್ರವಾದ ಮಂತ್ರಾಲಯದ ಇಲಾಖೆಗೆ, ಅಲ್ಲಿಂದ ಶಿಕ್ಷಣ ಉಪನಿರ್ದೇಶಕರಿಗೆ, ಅಲ್ಲಿಂದ ನಿರೀಕ್ಷಕರಿಗೆ ಇಳಿದು, ಕೊನೆಗೆ ಮುಖ್ಯೋಪಾಧ್ಯಾಯರ ಮೇಜಿಗೆ ಬಂದು ತಲುಪುತ್ತದೆ. ವಿಧಾನಸಭೆ ಪ್ರಶ್ನೆ, ತಕ್ಷಣ ಮಾಹಿತಿ ಬೇಕು ಎಂಬ ಒಕ್ಕಣೆ ಅದರ ಜೊತೆಯಲ್ಲೇ ಇರುತ್ತದೆ. ವಿದ್ಯಾರ್ಥಿಗಳ ಸಂಖ್ಯೆಯ ಮೇಲೆ ಶಿಕ್ಷಕರ ಹುದ್ದೆಗಳನ್ನು ನಿಗದಿ ಮಾಡುವ ‘ಸಂಚ್ ಮಾನ್ಯತಾ’ ಎಂಬ ಆದೇಶದ ಪ್ರತಿ, ಹಾಜರಿ, ಪತ್ರವ್ಯವಹಾರ ಎಲ್ಲವನ್ನೂ ಅಂದೇ ಹುಡುಕಬೇಕಾಗುತ್ತದೆ. ವರ್ಷಗಟ್ಟಲೆ ಮಲಗಿದ್ದ ಕಡತ ಎದ್ದು ಕೂರುವುದು ಆಗ. ಪ್ರಶ್ನೋತ್ತರದ ಒಂದು ಗಂಟೆಯಲ್ಲಿ ಪಟ್ಟಿಯ ಮೇಲಿನ ಕೆಲವೇ ಪ್ರಶ್ನೆಗಳು ಚರ್ಚೆಗೆ ಬರುತ್ತವೆ. ಉಳಿದವುಗಳ ಉತ್ತರ ಅಚ್ಚಿನಲ್ಲಿ ಉಳಿಯುತ್ತದೆ. ಹಾಗಿದ್ದರೂ ಪ್ರಶ್ನೆ ವ್ಯರ್ಥವಾಗಲಿಲ್ಲ. ‘ಇದು ಅಂಶತಃ ನಿಜ’ ಎಂಬ ಸರ್ಕಾರದ ಆ ಪ್ರಸಿದ್ಧ ಉತ್ತರ ಬಂದರೂ, ಖಾಲಿ ಹುದ್ದೆಗಳು ಇವೆಯೆಂದು ಸಚಿವರೇ ಬರೆದು ಕೊಟ್ಟಂತಾಯಿತು. ನಾಳೆ ನ್ಯಾಯಾಲಯಕ್ಕೆ ಹೋದರೂ ಪತ್ರಿಕೆಗೆ ಹೋದರೂ ಆ ಒಂದು ಪುಟ ಸಾಕು.

ಉಳಿದ ದಾರಿಗಳನ್ನು ಬೇಗ ಹೇಳಿ ಮುಗಿಸಬಹುದು. ತುರ್ತು ಮಹತ್ವದ ಸಾರ್ವಜನಿಕ ವಿಷಯಕ್ಕೆ ವಿಧಾನಸಭೆಯ 105ನೇ ನಿಯಮದ ‘ಲಕ್ಷವೇಧಿ’, ಎಂದರೆ ಗಮನ ಸೆಳೆಯುವ ಸೂಚನೆ. ತೃಪ್ತಿಕರವಲ್ಲದ ಉತ್ತರದ ಬೆನ್ನು ಹತ್ತಲು 94ನೇ ನಿಯಮದ ಅರ್ಧ ಗಂಟೆ ಚರ್ಚೆ. ದೊಡ್ಡ ವಿಷಯಗಳಿಗೆ 293ನೇ ನಿಯಮದ ಪ್ರಸ್ತಾವ. ಅಂದಂದಿನ ವಿಷಯವನ್ನು ನಿಮಿಷದಲ್ಲಿ ದಾಖಲಿಸಲು ‘ಔಚಿತ್ಯಾಚಾ ಮುದ್ದಾ’. ಲಕ್ಷವೇಧಿಗೆ ಸಚಿವರ ಲಿಖಿತ ನಿವೇದನೆ ಮತ್ತು ಅದರ ಮೇಲೆ ಪ್ರಶ್ನೆಗಳು ಇರುವುದರಿಂದ ಮುಂಬಯಿಯ ಶಾಸಕರು ಕಟ್ಟಡ ಕುಸಿತ, ಅರ್ಧಕ್ಕೆ ನಿಂತ ಪುನರ್ನಿರ್ಮಾಣ ಯೋಜನೆ, ಬಿಲ್ಡರನು ಬಾಡಿಗೆ ಕೊಡದೆ ಕೈಬಿಟ್ಟ ಕುಟುಂಬಗಳ ಸಂಗತಿಗಳನ್ನು ಹೆಚ್ಚಾಗಿ ಈ ದಾರಿಯಲ್ಲಿ ತರುತ್ತಾರೆ. ಭಾಷೆಯ ಕುರಿತು ಒಂದು ಮಾತು: ಸಂವಿಧಾನದ 210ನೇ ವಿಧಿಯ ಪ್ರಕಾರ ಕಲಾಪ ರಾಜ್ಯದ ಅಧಿಕೃತ ಭಾಷೆಯಲ್ಲಿ ಅಥವಾ ಹಿಂದಿ, ಇಂಗ್ಲಿಷಿನಲ್ಲಿ ನಡೆಯಬೇಕು, ಇವುಗಳಲ್ಲಿ ತನ್ನ ಮಾತನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. ಕಾನೂನು ಇಷ್ಟು ಉದಾರವಾಗಿದ್ದರೂ 2009ರ ನವೆಂಬರಿನಲ್ಲಿ ಒಬ್ಬ ಸದಸ್ಯರು ಹಿಂದಿಯಲ್ಲಿ ಪ್ರಮಾಣವಚನ ಸ್ವೀಕರಿಸಿದ್ದಕ್ಕೆ ಸದನದಲ್ಲೇ ಅವರ ಮೇಲೆ ಕೈಮಾಡಿದ ಘಟನೆ ನಡೆದು, ನಾಲ್ವರು ಶಾಸಕರು ಅಮಾನತಾದರು. ಮುಂಬಯಿಯ ಕನ್ನಡಿಗ ತನ್ನ ಮನವಿಯನ್ನು ಮರಾಠಿಯಲ್ಲಿ ಬರೆದು ಕೊಡುವುದು ವಿವೇಕವೂ ಹೌದು, ಸೌಜನ್ಯವೂ ಹೌದು. ಪ್ರಶ್ನೆಯ ಕರಡು ಸಿದ್ಧಪಡಿಸುವ ಆಪ್ತ ಸಹಾಯಕನ ಅರ್ಧ ಕೆಲಸವನ್ನು ಅದು ಉಳಿಸುತ್ತದೆ.

ಕಾನೂನು ಮಾಡುವುದು ಶಾಸಕರ ಮೊದಲ ಕರ್ತವ್ಯವೆಂದು ಶಾಲೆಯ ಪಠ್ಯ ಹೇಳುತ್ತದೆ. ವಾಸ್ತವದಲ್ಲಿ ವಿಧೇಯಕದ ಮೇಲೆ ಒಬ್ಬ ಶಾಸಕನಿಗಿರುವ ಹಿಡಿತ ಕಡಿಮೆ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ ಪ್ರಕಾರ ಪಕ್ಷದ ವಿಪ್ (ಹೀಗೆಯೇ ಮತ ಹಾಕಬೇಕೆಂಬ ಆದೇಶ) ಮೀರಿ ಮತ ಹಾಕಿದವನು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಹೀಗಾಗಿ ಮತ ಹಾಕುವಾಗ ಆತ ಪಕ್ಷದವನು. ಪ್ರಶ್ನೆ ಕೇಳುವಾಗ, ಸಮಿತಿಯಲ್ಲಿ ಕೂತಾಗ, ತಿದ್ದುಪಡಿ ಸೂಚಿಸುವಾಗ ಮಾತ್ರ ಕ್ಷೇತ್ರದವನು. ಆಡಳಿತ ಪಕ್ಷದ ಶಾಸಕರೂ ತಮ್ಮದೇ ಸರ್ಕಾರದ ಸಚಿವರನ್ನು ಪ್ರಶ್ನೋತ್ತರದಲ್ಲಿ ಕಟ್ಟಿಹಾಕುವುದನ್ನು ನೋಡಿ ಆಶ್ಚರ್ಯಪಡುವವರಿದ್ದಾರೆ. ಅವರಿಗೆ ಉಳಿದಿರುವ ಸ್ವಾತಂತ್ರ್ಯ ಅಲ್ಲಿಯೇ ಇದೆ.

ವಿಧೇಯಕವೊಂದು ನಮ್ಮವರ ಬದುಕಿನೊಳಕ್ಕೆ ಹೇಗೆ ನುಗ್ಗುತ್ತದೆ ಎಂಬುದನ್ನು ಕರಾವಳಿಯ ಹೋಟೆಲಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2005ರಲ್ಲಿ ಮುಂಬಯಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಡ್ಯಾನ್ಸ್ ಬಾರುಗಳನ್ನು ನಿಷೇಧಿಸಲಾಯಿತು. ಆಗ ಗೃಹಖಾತೆ ಆರ್. ಆರ್. ಪಾಟೀಲರದ್ದು. ತ್ರಿತಾರಾ ಮತ್ತು ಅದಕ್ಕೂ ಮೇಲಿನ ಹೋಟೆಲುಗಳಿಗೆ ವಿನಾಯಿತಿಯಿತ್ತು. ಒಂದೇ ನೃತ್ಯ ದೊಡ್ಡ ಹೋಟೆಲಿನಲ್ಲಿ ಸರಿ, ಚಿಕ್ಕ ಬಾರಿನಲ್ಲಿ ತಪ್ಪು ಎಂಬ ಈ ಭೇದವೇ ಕಾನೂನಿನ ದುರ್ಬಲ ಕೊಂಡಿಯಾಯಿತು. 2006ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದುಗೊಳಿಸಿತು, 2013ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. 2014ರಲ್ಲಿ ವಿಧಾನಮಂಡಲ ದೊಡ್ಡ ಹೋಟೆಲುಗಳ ವಿನಾಯಿತಿಯನ್ನು ತೆಗೆದುಹಾಕಿ ಮತ್ತೆ ನಿಷೇಧ ತಂದಿತು; ಅದಕ್ಕೆ 2015ರಲ್ಲಿ ತಡೆ ಬಂತು. 2016ರಲ್ಲಿ ಕಟ್ಟುನಿಟ್ಟಿನ ಷರತ್ತುಗಳ ಪ್ರತ್ಯೇಕ ಕಾಯ್ದೆ ಬಂತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದರ ಹಲವು ಷರತ್ತುಗಳನ್ನು ತೆಗೆದುಹಾಕಿತು. ಆ ವ್ಯವಹಾರ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇಲ್ಲಿ ಬೇಡ. ಗಮನಿಸಬೇಕಾದ್ದು ಇಷ್ಟು: ಮೊದಲ ವಿಧೇಯಕ ಸದನದಲ್ಲಿ ಒಮ್ಮತದಿಂದ ಪಾಸಾಯಿತು. ಅದರ ಕಲಮುಗಳನ್ನು ಅಂದೇ ಕೂತು ತಿದ್ದಿದ್ದರೆ ಹದಿನಾಲ್ಕು ವರ್ಷಗಳ ಕೋರ್ಟು ಕಚೇರಿ ಬಹುಮಟ್ಟಿಗೆ ತಪ್ಪುತ್ತಿತ್ತು. ಆ ಅವಧಿಯಲ್ಲಿ ಕೆಲಸ ಕಳೆದುಕೊಂಡವರು ನರ್ತಕಿಯರು ಮಾತ್ರವಲ್ಲ, ಊರಿಗೆ ಮನಿಯಾರ್ಡರ್ ಕಳುಹಿಸುತ್ತಿದ್ದ ವೇಟರುಗಳು, ಅಡುಗೆಯವರು, ಕ್ಯಾಷಿಯರುಗಳು ಕೂಡ.

ಹೀಗೆ ಎಲ್ಲವೂ ವಿಧೇಯಕವಾಗಿಯೇ ಬರುತ್ತದೆ ಎಂದೂ ಇಲ್ಲ. 2018ರ ಪ್ಲಾಸ್ಟಿಕ್ ನಿಷೇಧ ಸದನದಲ್ಲಿ ಪಾಸಾದ ಹೊಸ ಕಾನೂನಲ್ಲ. 2006ರ ಕಾಯ್ದೆಯೊಂದರ ಅಡಿಯಲ್ಲಿ ಆ ವರ್ಷದ ಮಾರ್ಚ್ 23ರಂದು ಸರ್ಕಾರ ಹೊರಡಿಸಿದ ಅಧಿಸೂಚನೆ. ಪಾರ್ಸೆಲ್ ಡಬ್ಬಿ, ಸಾಂಬಾರಿನ ಪೊಟ್ಟಣ, ಕೈಚೀಲಗಳ ಭವಿಷ್ಯ ಮಂತ್ರಾಲಯದ ಒಂದು ಸಹಿಯಿಂದ ತೀರ್ಮಾನವಾಯಿತು. ಇಂಥ ಅಧಿಸೂಚನೆಗಳ ಮೇಲೆ ಮತದಾನ ನಡೆಯದಿರುವುದರಿಂದ ಶಾಸಕರು ಅವುಗಳನ್ನು ಪ್ರಶ್ನೆ ಮತ್ತು ಲಕ್ಷವೇಧಿಗಳ ಮೂಲಕವೇ ಹಿಡಿದು ನಿಲ್ಲಿಸಬೇಕು. ಇದಕ್ಕೆ ಪ್ರತಿಯಾಗಿ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗಳಿಗೂ ದೇವನಾಗರಿ ಲಿಪಿಯ ಮರಾಠಿ ನಾಮಫಲಕ ಕಡ್ಡಾಯವಾದದ್ದು 2022ರಲ್ಲಿ, 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಗೆ ಸದನ ಮಾಡಿದ ತಿದ್ದುಪಡಿಯಿಂದ. ಎಲ್ಲ ಮಾಧ್ಯಮಗಳ ಶಾಲೆಗಳಲ್ಲೂ ಮರಾಠಿ ಕಲಿಕೆಯನ್ನು ಕಡ್ಡಾಯಗೊಳಿಸಿದ 2020ರ ಕಾಯ್ದೆಯೂ ಹಾಗೆಯೇ. ಒಂದು ನಿಯಮ ಕಷ್ಟ ಕೊಟ್ಟಾಗ ಅದು ಕಾಯ್ದೆಯೋ, ಅಧಿಸೂಚನೆಯೋ, ಪಾಲಿಕೆಯ ಠರಾವೋ ಎಂದು ಮೊದಲು ತಿಳಿದುಕೊಂಡರೆ ಯಾರ ಬಾಗಿಲಿಗೆ ಹೋಗಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಪ್ರೇಕ್ಷಕರ ಗ್ಯಾಲರಿಯಿಂದ ಕಾಣದ ಕೆಲಸ ಸಮಿತಿಗಳದ್ದು. ಲೋಕಲೇಖಾ ಸಮಿತಿ ಮಹಾಲೇಖಪಾಲರ ವರದಿಯನ್ನು ಹಿಡಿದು ಇಲಾಖೆಗಳ ಕಾರ್ಯದರ್ಶಿಗಳನ್ನು ಎದುರಿಗೆ ಕೂರಿಸಿ ಖರ್ಚಿನ ಲೆಕ್ಕ ಕೇಳುತ್ತದೆ. ಆಶ್ವಾಸನ ಸಮಿತಿ ಇನ್ನೂ ಸ್ವಾರಸ್ಯಕರ: ಸಚಿವರು ಸದನದಲ್ಲಿ “ಪರಿಶೀಲಿಸುತ್ತೇವೆ”, “ಮೂರು ತಿಂಗಳಲ್ಲಿ ಮುಗಿಸುತ್ತೇವೆ”, “ತನಿಖೆ ನಡೆಸುತ್ತೇವೆ” ಎಂದು ಆಡಿದ ಮಾತುಗಳನ್ನು ಕಲಾಪದ ದಾಖಲೆಯಿಂದ ಹೆಕ್ಕಿ ತೆಗೆದು, ಅವು ಈಡೇರಿದವೇ ಎಂದು ಕೇಳುವುದು ಅದರ ಕೆಲಸ. ಒಳ್ಳೆಯ ಶಾಸಕರು ಉಪಪ್ರಶ್ನೆ ಕೇಳುವಾಗ ಸಚಿವರ ಬಾಯಿಂದ ಒಂದು ದಿನಾಂಕ ಹೊರಡಿಸಲು ಹಟ ಹಿಡಿಯುವುದು ಇದೇ ಕಾರಣಕ್ಕೆ. ದಿನಾಂಕವಿಲ್ಲದ ಮಾತು ಗಾಳಿಗೆ ಹೋಗುತ್ತದೆ. ದಿನಾಂಕ ಇದ್ದರೆ ಅದು ಆಶ್ವಾಸನೆಯಾಗಿ ದಾಖಲೆಗೆ ಹತ್ತುತ್ತದೆ. ನಾಗರಿಕರು ನೇರವಾಗಿ ಸದನದ ಗಮನಕ್ಕೆ ವಿಷಯ ತರಲು ವಿನಂತಿ ಅರ್ಜಿ ಸಮಿತಿಯೂ ಇದೆ. ನಮ್ಮ ಸಂಘಗಳು ಅದನ್ನು ಬಳಸಿದ್ದನ್ನು ನಾನು ಕೇಳಿಲ್ಲ.

ಸದನದ ಕುರ್ಚಿ ಖಾಲಿಯಿದ್ದರೆ ಏನು ನಷ್ಟ ಎಂಬುದನ್ನು ಸುಪ್ರೀಂ ಕೋರ್ಟೇ ಒಮ್ಮೆ ವಿವರಿಸಿದೆ. 2021ರ ಜುಲೈಯಲ್ಲಿ ಗದ್ದಲದ ಕಾರಣಕ್ಕಾಗಿ ಬಿಜೆಪಿಯ 12 ಶಾಸಕರನ್ನು ಒಂದು ವರ್ಷಕ್ಕೆ ಅಮಾನತು ಮಾಡಲಾಯಿತು. ಅವರಲ್ಲಿ ಮುಂಬಯಿಯವರೂ ಇದ್ದರು. 2022ರ ಜನವರಿ 28ರಂದು ನ್ಯಾಯಾಲಯ, ಆ ಅಧಿವೇಶನದ ಆಚೆಗೂ ಅಮಾನತನ್ನು ಚಾಚಿದ್ದು ಅಸಂವಿಧಾನಿಕವೆಂದು ಅದನ್ನು ರದ್ದುಗೊಳಿಸಿತು. ಕ್ಷೇತ್ರವೊಂದು ಅಷ್ಟು ಕಾಲ ಪ್ರತಿನಿಧಿಯಿಲ್ಲದೆ ಉಳಿಯುವಂತಿಲ್ಲ, ಉಚ್ಚಾಟನೆಯಾದರೆ ಉಪಚುನಾವಣೆಯಾದರೂ ನಡೆಯುತ್ತದೆ, ದೀರ್ಘ ಅಮಾನತಿನಲ್ಲಿ ಅದೂ ಇಲ್ಲ ಎಂಬುದು ಅದರ ತರ್ಕ. ಅಮಾನತಾದ ಶಾಸಕರ ಕಚೇರಿಗಳು ಆಗಲೂ ತೆರೆದಿದ್ದವು, ಪತ್ರಗಳು ಹೊರಡುತ್ತಿದ್ದವು. ಆದರೂ ಕ್ಷೇತ್ರಕ್ಕೆ ಪ್ರತಿನಿಧಿಯಿಲ್ಲ ಎಂದೇ ನ್ಯಾಯಾಲಯ ಭಾವಿಸಿತು.

ಈಗ ಕ್ಷೇತ್ರದ ಕೆಲಸಕ್ಕೆ ಬರೋಣ. ಶಾಸಕರ ಸ್ಥಳೀಯ ಅಭಿವೃದ್ಧಿ ನಿಧಿಯನ್ನು ಮಹಾರಾಷ್ಟ್ರದಲ್ಲಿ 2022ರ ಬಜೆಟ್ಟಿನಲ್ಲಿ ವರ್ಷಕ್ಕೆ 5 ಕೋಟಿ ರೂಪಾಯಿಗೆ ಏರಿಸಲಾಯಿತು. ಈ ಹಣ ಶಾಸಕರ ಕೈಗೆ ಬರುವುದಿಲ್ಲ. ಅವರು ಕೆಲಸವನ್ನು ಶಿಫಾರಸು ಮಾಡುತ್ತಾರೆ, ಜಿಲ್ಲಾಧಿಕಾರಿಗಳ ಕಚೇರಿ ನಿಯಮಕ್ಕೆ ಒಳಪಡುತ್ತದೆಯೇ ಎಂದು ನೋಡಿ ಮಂಜೂರು ಮಾಡುತ್ತದೆ, ಪಾಲಿಕೆ, ಮ್ಹಾಡಾ ಅಥವಾ ಲೋಕೋಪಯೋಗಿ ಇಲಾಖೆ ಟೆಂಡರ್ ಕರೆದು ಕಟ್ಟುತ್ತದೆ. ಆದ್ದರಿಂದ “ಸಾಹೇಬರು ಐದು ಲಕ್ಷ ಕೊಡುತ್ತೇನೆಂದರು” ಎಂದು ಸಂಘದ ಸಭೆಯಲ್ಲಿ ಚಪ್ಪಾಳೆ ತಟ್ಟಿದ ಮೇಲೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಜಾಗ ಯಾರ ಹೆಸರಿನಲ್ಲಿದೆ, ಕೆಲಸ ಸಾರ್ವಜನಿಕ ಉಪಯೋಗದ್ದೇ, ನಾಳೆಯ ನಿರ್ವಹಣೆ ಯಾರದ್ದು? ಈ ಕಾಗದಗಳು ಸರಿಯಿಲ್ಲದಿದ್ದರೆ ಆ ಹಣ ವೇದಿಕೆಯಲ್ಲೇ ಉಳಿಯುತ್ತದೆ. ಪಾಲಿಕೆಯ 2025–26ರ ಬಜೆಟ್ 74 ಸಾವಿರ ಕೋಟಿ ರೂಪಾಯಿಗಳನ್ನು ಮೀರಿತ್ತು. ಅದರ ಮುಂದೆ 36 ಶಾಸಕರ ಒಟ್ಟು 180 ಕೋಟಿ ತೀರಾ ಚಿಕ್ಕದು. ಶಾಸಕರ ಹೆಚ್ಚಿನ ಪ್ರಭಾವ ಇರುವುದು ಉಸ್ತುವಾರಿ ಸಚಿವರ ಅಧ್ಯಕ್ಷತೆಯ ಜಿಲ್ಲಾ ಯೋಜನಾ ಸಮಿತಿಯಲ್ಲಿ. ಮುಂಬಯಿ ನಗರಕ್ಕೊಂದು, ಉಪನಗರಕ್ಕೊಂದು ಇಂಥ ಸಮಿತಿಗಳಿವೆ.

ಜನಸಂಪರ್ಕ ಕಚೇರಿಯ ಬೆಂಚಿನ ಮೇಲೆ ಕೂತವರಲ್ಲಿ ಹೆಚ್ಚಿನವರು ಶಿಫಾರಸು ಪತ್ರಕ್ಕಾಗಿ ಬಂದವರು. ಆಸ್ಪತ್ರೆಯ ಪತ್ರದ ಬಗ್ಗೆ ಸ್ವಲ್ಪ ವಿವರ ಬೇಕು, ಏಕೆಂದರೆ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ನಮ್ಮ ಅನೇಕರಿಗೆ ಇದು ಗೊತ್ತಿಲ್ಲ. ಸಾರ್ವಜನಿಕ ಟ್ರಸ್ಟ್‌ಗಳಾಗಿ ನೋಂದಾಯಿತವಾದ ಮುಂಬಯಿಯ ದೊಡ್ಡ ಆಸ್ಪತ್ರೆಗಳು, ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಎಎ ಕಲಮು ಮತ್ತು ಬಾಂಬೆ ಹೈಕೋರ್ಟ್ 2006ರಲ್ಲಿ ಮಂಜೂರು ಮಾಡಿದ ಯೋಜನೆಯ ಪ್ರಕಾರ, ಶೇಕಡಾ 10 ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನೂ ಶೇಕಡಾ 10 ಹಾಸಿಗೆಗಳನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಕಾದಿರಿಸಬೇಕು. ಇದಕ್ಕೆ ಬೇಕಾದದ್ದು ಆದಾಯ ಪ್ರಮಾಣಪತ್ರ ಅಥವಾ ಪಡಿತರ ಚೀಟಿಯಂಥ ದಾಖಲೆ. ಶಾಸಕರ ಪತ್ರ ಕಾನೂನಿನ ಅಗತ್ಯವೇ ಅಲ್ಲ. ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಬಾಗಿಲು ತೆರೆಯಲು ಪತ್ರ ಸಹಾಯ ಮಾಡಬಹುದು, ನಿಜ. ಆದರೆ ಹಕ್ಕು ಉಪಕಾರದ ವೇಷ ಹಾಕಿಕೊಳ್ಳುವುದು ಇಂಥ ಕಡೆಯಲ್ಲಿಯೇ, ಅದರಲ್ಲಿ ಎರಡೂ ಕಡೆಯವರ ಪಾಲಿದೆ. ಖಾಲಿ ಹಾಸಿಗೆ ಇದ್ದೂ ಆಸ್ಪತ್ರೆಗಳು ಬಡವರನ್ನು ಹಿಂದಕ್ಕೆ ಕಳಿಸುತ್ತಿದ್ದರೆ ಅದರ ಪರಿಹಾರ ನೂರು ಪತ್ರಗಳಲ್ಲ, ಸದನದಲ್ಲಿ ಒಂದು ಪ್ರಶ್ನೆ.

ಮುಂಬಯಿಯ ಕನ್ನಡಿಗರ ಒಂದು ದೌರ್ಬಲ್ಯವನ್ನೂ ಇಲ್ಲಿ ಹೇಳಬೇಕು. ಇಲ್ಲಿ ಇಪ್ಪತ್ತು ವರ್ಷದಿಂದ ದುಡಿಯುವವರಲ್ಲಿಯೂ ಅನೇಕರ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲೇ ಇದೆ. ಎರಡು ಕಡೆ ಹೆಸರಿರುವುದನ್ನು ಕಾನೂನು ಒಪ್ಪುವುದಿಲ್ಲ. ಸಾಮಾನ್ಯವಾಗಿ ವಾಸಿಸುವ ಕಡೆ ಒಂದೇ ನೋಂದಣಿ ಇರಬೇಕು, ಇಲ್ಲಿಗೆ ವರ್ಗಾಯಿಸಿಕೊಳ್ಳಲು ನಮೂನೆ 8 ಇದೆ. ಊರಿನ ಪಂಚಾಯತ್ ಚುನಾವಣೆಗೆ ಬಸ್ಸು ಹತ್ತುವ ಉತ್ಸಾಹದ ಕಾರಣ ನನಗೆ ಅರ್ಥವಾಗುತ್ತದೆ. ಆದರೆ ಇಲ್ಲಿನ ಶಾಸಕರ ಆಪ್ತ ಸಹಾಯಕ ಸಂಘದ ಸದಸ್ಯರ ಪಟ್ಟಿಯನ್ನು ನೋಡುವುದಿಲ್ಲ, ಮತಗಟ್ಟೆವಾರು ಮತದಾರರ ಪಟ್ಟಿಯನ್ನು ನೋಡುತ್ತಾನೆ.

ಮುಂದಿನ ಬಾರಿ ಮನವಿ ಕೊಡುವ ಸಂಘಗಳು ಅದನ್ನು ಅಧಿವೇಶನಕ್ಕೆ ಎರಡು ತಿಂಗಳ ಮೊದಲೇ ಕೊಡಲಿ, ಒಂದೇ ವಿಷಯದ ಮೇಲೆ ಕೊಡಲಿ, ಮರಾಠಿಯಲ್ಲಿ ಒಂದು ಪುಟಕ್ಕೆ ಮೀರದಂತೆ ಕೊಡಲಿ. ಇಲಾಖೆಯ ಹೆಸರು, ಹಿಂದಿನ ಅರ್ಜಿಗಳ ದಿನಾಂಕ ಮತ್ತು ಆವಕ ಸಂಖ್ಯೆ, ಸಂಬಂಧಿಸಿದ ಸರ್ಕಾರಿ ಆದೇಶದ ಪ್ರತಿ ಜೊತೆಗಿರಲಿ. ಕೊನೆಯಲ್ಲಿ “ಈ ವಿಷಯವನ್ನು ತಾರಾಂಕಿತ ಪ್ರಶ್ನೆಯಾಗಿ ಕೇಳಬೇಕು” ಎಂದು ಸ್ಪಷ್ಟವಾಗಿ ಬರೆದಿರಲಿ. ಅಧಿವೇಶನ ಮುಗಿದ ಮೇಲೆ ವಿಧಾನಮಂಡಲದ ಜಾಲತಾಣದಲ್ಲಿ ಪ್ರಶ್ನೋತ್ತರದ ಪಟ್ಟಿಯನ್ನು ತೆರೆದು ನೋಡಿ, ಪ್ರಶ್ನೆ ಬಂದಿದ್ದರೆ ಅದರ ಉತ್ತರವನ್ನು ಮುದ್ರಿಸಿಕೊಂಡು ಸಂಬಂಧಿಸಿದ ಕಚೇರಿಗೆ ಹೋಗಬೇಕು. ಬಂದಿರದಿದ್ದರೆ ಶಾಸಕರ ಕಚೇರಿಗೆ ಹೋಗಿ, ಪ್ರಶ್ನೆಯನ್ನು ಸಲ್ಲಿಸಲಾಗಿತ್ತೇ, ಸಲ್ಲಿಸಿದ್ದರೆ ಸಚಿವಾಲಯ ಅದನ್ನು ಯಾವ ಕಾರಣಕ್ಕೆ ತಳ್ಳಿಹಾಕಿತು ಎಂದು ಕೇಳಬೇಕು.